ಚೆಸಪೀಕ್ ಕೊಲ್ಲಿಯ ಹುಲ್ಲಿನ ಲೆಕ್ಕ

ಅಮೆರಿಕದ ಅತಿ ದೊಡ್ಡ ಅಳಿವೆ ಚೆಸಪೀಕ್ ಕೊಲ್ಲಿ. ಆರು ರಾಜ್ಯಗಳ ನೆಲದಿಂದ ಹೊಳೆಗಳು ಹರಿದುಬಂದು ಇಲ್ಲಿ ಸೇರುತ್ತವೆ. ಹೊಲದ ಗೊಬ್ಬರ, ಊರಿನ ಕೊಳಚೆಯೂ ಜೊತೆಗೇ ಬರುತ್ತವೆ.

ಗೊಬ್ಬರದ ಸಾರಜನಕ, ರಂಜಕ ಸಿಕ್ಕರೆ ಪಾಚಿ ಹಬ್ಬುತ್ತದೆ. ಅದು ಸತ್ತು ಕೊಳೆಯುವಾಗ ತಳದ ನೀರಿನ ಆಮ್ಲಜನಕ ಬರಿದಾಗುತ್ತದೆ. ಬೇಸಿಗೆಯಲ್ಲಿ ಅಲ್ಲಿ ಏಡಿಗೂ ಮೀನಿಗೂ ಉಸಿರಿಲ್ಲ.

1984ರಿಂದ ವಿಜ್ಞಾನಿಗಳು ಗೊತ್ತುಮಾಡಿದ ಜಾಗಗಳಿಗೆ ಮತ್ತೆ ಮತ್ತೆ ದೋಣಿಯಲ್ಲಿ ಹೋಗಿ ನೀರಿನ ಉಪ್ಪು, ಉಷ್ಣತೆ, ಆಮ್ಲಜನಕ ಅಳೆಯುತ್ತಿದ್ದಾರೆ. ನೀರು ಎಷ್ಟು ತಿಳಿಯಾಗಿದೆ ಎಂದು ತಿಳಿಯಲು ಬಿಲ್ಲೆಯೊಂದನ್ನು ಹಗ್ಗಕ್ಕೆ ಕಟ್ಟಿ ಇಳಿಬಿಡುತ್ತಾರೆ. ಅದು ಕಣ್ಮರೆಯಾಗುವ ಆಳವೇ ಲೆಕ್ಕ. ಇಷ್ಟು ಸರಳ ಸಲಕರಣೆ ಇಂದಿಗೂ ಕೆಲಸಕ್ಕೆ ಬರುತ್ತಿರುವುದು ಖುಷಿಯ ಸಂಗತಿ.

ನೀರೊಳಗಿನ ಹುಲ್ಲಿನ ಹರವನ್ನು ವಿಮಾನದಿಂದ ಚಿತ್ರ ತೆಗೆದು ಅಳೆಯುತ್ತಾರೆ. ಬಿಸಿಲು ತಲುಪಿದರೆ ಮಾತ್ರ ಬೆಳೆಯುವ ಈ ಹುಲ್ಲು 2017ರಲ್ಲಿ ಒಂದು ಲಕ್ಷ ಎಕರೆ ದಾಟಿತು. 2018ರ ವಿಪರೀತ ಮಳೆ ಕೆಸರು, ಗೊಬ್ಬರ ಹೊತ್ತು ತಂದಿತು. 2019ರ ಹೊತ್ತಿಗೆ ಮೂರನೇ ಒಂದು ಭಾಗಕ್ಕೂ ಹೆಚ್ಚು ಹುಲ್ಲು ಅಳಿಯಿತು.

ಆ ಎರಡು ವರ್ಷಗಳನ್ನಷ್ಟೇ ನೋಡಿದ್ದರೆ ಎಲ್ಲ ಮುಗಿದಂತೆ ಕಾಣುತ್ತಿತ್ತು. ಹಳೆಯ ದಾಖಲೆ ಬೇರೆಯದನ್ನೇ ತೋರಿಸಿತು: 1984ರಲ್ಲಿ ಇದ್ದದ್ದು ಸುಮಾರು 40 ಸಾವಿರ ಎಕರೆ. ಕುಸಿತದ ನಂತರವೂ ಅದಕ್ಕಿಂತ ಬಹಳ ಹೆಚ್ಚು ಹುಲ್ಲು ಉಳಿದಿತ್ತು.