ಒಂದೇ ಗಂಟಲು, ಎರಡು ಸ್ವರ

ಹುಣಸೂರು ಎಂದರೆ ನಮಗೆ ಹೊಗೆಸೊಪ್ಪು, ಇಲ್ಲವೇ ನಾಗರಹೊಳೆಯ ದಾರಿ. ಅದೇ ತಾಲ್ಲೂಕಿನ ಗುರುಪುರದ ಟಿಬೆಟನ್ ನೆಲೆಯಲ್ಲಿ ಗ್ಯುಮೆ ತಾಂತ್ರಿಕ ಮಠವಿದೆ. ಟಿಬೆಟನ್ ಬೌದ್ಧ ಗುರು ತ್ಸೊಂಗ್‌ಖಾಪಾ ಅವರ ಶಿಷ್ಯ ಶೆರಬ್ ಸೆಂಗೆ 1433ರಲ್ಲಿ ಟಿಬೆಟ್‌ನಲ್ಲಿ ಸ್ಥಾಪಿಸಿದ್ದು. 1959ರ ಟಿಬೆಟ್ ದಂಗೆಯ ನಂತರ ನೆಲೆ ತಪ್ಪಿ, ಡಾಲ್‌ಹೌಸಿಯಲ್ಲಿ ಕೆಲಕಾಲ ಇದ್ದು ಇಲ್ಲಿಗೆ ಬಂತು. ಇಲ್ಲಿಯ ಬ್ರಹ್ಮಚಾರಿ ಭಿಕ್ಷುಗಳ ಹೆಸರಾಂತ ವಿದ್ಯೆ ಇರುವುದು ಅವರ ಗಂಟಲಲ್ಲಿ.

ಪೂಜೆಯಲ್ಲಿ ಮೊದಲು ದನಿ ಎತ್ತುವವನು ಉಮ್ಜೆ. ಎತ್ತುವುದು ಎಂದೆ, ನಿಜವಾಗಿ ಅವನು ಇಳಿಸುತ್ತಾನೆ. ತುಟಿ ಗುಂಡಗೆ, ದವಡೆ ಅಲುಗಿತೋ ಇಲ್ಲವೋ ಎಂಬಂತೆ. ಗಂಡಸಿನ ಮಾತಿನ ದನಿ ಸಾಮಾನ್ಯವಾಗಿ ಸೆಕೆಂಡಿಗೆ 100 ಕಂಪನಗಳ ಮೇಲಿರುತ್ತದೆ. ಉಮ್ಜೆಯದು 70ರ ಆಸುಪಾಸು. ಧ್ವನಿತಂತುಗಳ ಜೊತೆಗೆ ಅವುಗಳ ಮೇಲಿನ ಮಡಿಕೆಗಳೂ ಅದುರಿ ಸ್ವರವನ್ನು ಒಂದು ಸ್ಥಾಯಿ ಕೆಳಗೆ ತಳ್ಳುತ್ತವೆ. ಅದರ ನೆತ್ತಿಯ ಮೇಲೆ ಇನ್ನೊಂದು ಸಣ್ಣ ಸ್ವರ ತೇಲುತ್ತದೆ. ಚೆನ್ನಾಗಿ ಶ್ರುತಿ ಮಾಡಿದ ತಂಬೂರಿಯ ಮಂದ್ರ ತಂತಿಯಿಂದ ಯಾರೂ ಮೀಟದ ಗಾಂಧಾರ ಹೊಮ್ಮುತ್ತದಲ್ಲ, ಹಾಗೆ. ಸೋದರ ಮಠವಾದ ಗ್ಯುತೋದಲ್ಲಿ 1964ರಲ್ಲಿ ಇದನ್ನು ಕೇಳಿದ ಅಮೆರಿಕದ ಧರ್ಮ ವಿದ್ವಾಂಸ ಹ್ಯೂಸ್ಟನ್ ಸ್ಮಿತ್ ದನಿಯನ್ನು ಮುದ್ರಿಸಿಕೊಂಡು ಹೋದರು. 1967ರಲ್ಲಿ ಅದು ಧ್ವನಿವಿಜ್ಞಾನದ ಪತ್ರಿಕೆಯಲ್ಲಿ ಪ್ರಬಂಧವಾಯಿತು.

ಇದು ವರ್ಷಗಟ್ಟಲೆ ಸಾಧಿಸುವ ಕಸುಬು. ಸ್ವರಲಿಪಿಯೂ ಉಂಟು, ಯಾಂಗ್‌ಯಿಗ್: ಬೆಟ್ಟದ ಸಾಲಿನಂತೆ ಏರಿಳಿಯುವ ಗೆರೆ. ಆದರೆ ಕಲಿಯುವುದು ಹಿರಿಯರ ಪಕ್ಕ ಕುಳಿತೇ.

ಹಾಗೆಂದು ಇದನ್ನು ಸಂಗೀತವೆನ್ನುವಂತಿಲ್ಲ. ರಂಜನೆಗಾಗಿ ಹಾಡುವುದಕ್ಕೆ ವಿನಯದಲ್ಲಿ, ಅಂದರೆ ಭಿಕ್ಷುಗಳ ನಡವಳಿಕೆಯ ನಿಯಮಗಳಲ್ಲಿ, ಜಾಗವಿಲ್ಲ, ಇದು ಅರ್ಪಣೆ. ಕೈಯಲ್ಲಿ ವಜ್ರ, ಘಂಟೆ, ಮುದ್ರೆ, ಬಾಯಲ್ಲಿ ಮಂತ್ರ, ಮನಸ್ಸಿನಲ್ಲಿ ಗುಹ್ಯಸಮಾಜ, ಚಕ್ರಸಂವರ, ವಜ್ರಭೈರವರಲ್ಲಿ ಒಬ್ಬ ದೇವತೆ. ಆ ದೇವತೆಯನ್ನು ಎದುರಿಗಿಟ್ಟು ಕೈಮುಗಿದರಷ್ಟೇ ಸಾಲದು, ತಾನೇ ಅದೆಂದು ಭಾವಿಸಬೇಕು. ಸಂಸಾರ ಬಿಟ್ಟವನು ದೇಹವನ್ನೂ ಮರೆತಿರಬೇಕು ಎಂದು ನಾವು ಸುಲಭವಾಗಿ ಅಂದುಕೊಳ್ಳುತ್ತೇವೆ. ಆದರೆ 253 ನಿಯಮಗಳ ವ್ರತ ಹಿಡಿದ ಈ ಭಿಕ್ಷುಗಳು ಹೊಟ್ಟೆ, ಎದೆ, ಗಂಟಲು ಯಾವುದನ್ನೂ ಸುಮ್ಮನೆ ಕೂರಿಸಿಲ್ಲ. ನನಗಂತೂ ಇದು ಗರಡಿಯ ಸಾಧನೆಗೆ ಹತ್ತಿರವಾಗಿ ಕಾಣುತ್ತದೆ.

ಹೋಗುವುದಾದರೆ ಪೂಜೆಯ ದಿನ ವಿಚಾರಿಸಿಕೊಂಡು ಹೋಗಿ, ಗೋಡೆಗೆ ಒರಗಿ ಸುಮ್ಮನೆ ಕೂರಿ. ಮೊಬೈಲ್ ಜೇಬಿನಲ್ಲೇ ಇರಲಿ. ಅದರ ಪುಟ್ಟ ಸ್ಪೀಕರಿಗೆ 70 ಕಂಪನದ ಸ್ವರ ಹೇಗೂ ನಿಲುಕುವುದಿಲ್ಲ.