ಮನೆಮಂದಿಯೆಲ್ಲ ಕೂತು ನೋಡಿದ ಸಾಹಸ

ಚಳ್ಳಕೆರೆ ತಾಲ್ಲೂಕಿನ ನನ್ನಿವಾಳ ಮಳೆಗೆ ಬರವಿದ್ದರೂ ಕಥೆಗೆ ಬರವಿಲ್ಲದ ಸೀಮೆಗೆ ಸೇರಿದ ಊರು. ಮ್ಯಾಸನಾಯಕರ ಕಟ್ಟೆಮನೆಗಳಲ್ಲಿ ಇದೂ ಒಂದು. ದೇವರ ಎತ್ತುಗಳಿಗೆ ಇಲ್ಲಿ ವಿಶೇಷ ಗೌರವ; ಅವನ್ನು ಕಾಯುವವನಿಗೆ ಕಿಲಾರಿ ಎಂದು ಹೆಸರು. ಈ ಸೀಮೆಯ ವೀರರೂ ದನಕರುಗಳ ನಡುವೆಯೇ ಹುಟ್ಟಿದವರು. ಮ್ಯಾಸನಾಯಕರಿಗೆ ಗಾದ್ರಿಪಾಲನಾಯಕ, ನೆರೆಯ ಕಾಡುಗೊಲ್ಲರಿಗೆ ಜುಂಜಪ್ಪ ಮತ್ತು ಎತ್ತಪ್ಪ. ಇದೇ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿಯದೆಯೇ ಸಾವಿರಾರು ಪದಗಳನ್ನು ನೆನಪಿನಿಂದ ಹಾಡುತ್ತಿದ್ದರು. ಇಂಥ ಹಾಡು-ಕಥೆ ನಡೆಯುವಾಗ ಮಕ್ಕಳಿಗೆ ಬೇರೆ, ದೊಡ್ಡವರಿಗೆ ಬೇರೆ ಎಂಬ ವಿಂಗಡಣೆ ಇರಲಿಲ್ಲ. ಕಥೆಯಲ್ಲಿ ಸಾವು ಬಂದರೆ ಮಗು ಅಜ್ಜಿಯ ಸೆರಗು ಹಿಡಿಯುತ್ತಿತ್ತು, ಅಷ್ಟೇ.

ಸಾಹಸ ಚಿತ್ರಗಳ ಬಗ್ಗೆ ಯೋಚಿಸುವಾಗ ಈ ಸೆರಗಿನ ಮಾತು ಮುಖ್ಯವಾಗುತ್ತದೆ. ಕಾಡು, ಕೋಟೆ, ಕಳ್ಳಸಾಗಣೆ, ಯುದ್ಧ ಇವೆಲ್ಲ ಅಪಾಯದ ಸಂಗತಿಗಳು. ಆದರೂ ಕೆಲವು ಚಿತ್ರಗಳನ್ನು ಮೂರು ತಲೆಮಾರಿನವರು ಒಂದೇ ಸಾಲಿನಲ್ಲಿ ಕೂತು ನೋಡುತ್ತಾರೆ. ಇನ್ನು ಕೆಲವಕ್ಕೆ ಮಕ್ಕಳನ್ನು ಕರೆದೊಯ್ಯಲು ಹಿಂಜರಿಯುತ್ತಾರೆ. ಈ ವ್ಯತ್ಯಾಸ ಬರುವುದು ಎಲ್ಲಿಂದ?

ಉತ್ತರ ಹುಡುಕುವವರು ಹಳೆಯ ಮೈಸೂರು ಸಂಸ್ಥಾನದಿಂದ ಆರಂಭಿಸಬಹುದು. ಕಬಿನಿ ತೀರದ ಕಾರಾಪುರದಲ್ಲಿ 1924ರಲ್ಲಿ ಹುಟ್ಟಿದ ಸಾಬು ಮಾವುತನ ಮಗ. ಮೈಸೂರಿನ ಆನೆ ಲಾಯದಲ್ಲಿ ಬೆಳೆಯುತ್ತಿದ್ದ ಈ ಹುಡುಗನನ್ನು ರಾಬರ್ಟ್ ಫ್ಲಾಹರ್ಟಿಯ ಚಿತ್ರತಂಡ ಆರಿಸಿಕೊಂಡಿತು. ಕಿಪ್ಲಿಂಗ್ ಕಥೆಯನ್ನು ಆಧರಿಸಿ ಫ್ಲಾಹರ್ಟಿ ಮತ್ತು ಜೋಲ್ಟಾನ್ ಕೊರ್ಡಾ ನಿರ್ದೇಶಿಸಿದ 'ಎಲಿಫೆಂಟ್ ಬಾಯ್' 1937ರಲ್ಲಿ ತೆರೆಕಂಡು, ಅದೇ ವರ್ಷ ವೆನಿಸ್ ಚಿತ್ರೋತ್ಸವದಲ್ಲಿ ನಿರ್ದೇಶನದ ಪ್ರಶಸ್ತಿ ಗಳಿಸಿತು. ಮುಂದೆ 'ದಿ ಥೀಫ್ ಆಫ್ ಬಾಗ್ದಾದ್' (1940), 'ಜಂಗಲ್ ಬುಕ್' (1942) ಚಿತ್ರಗಳಿಂದ ಸಾಬು ಜಗತ್ತಿನ ಮಕ್ಕಳಿಗೆಲ್ಲ ಪರಿಚಿತನಾದ. ಆ ಹುಡುಗನ ಪಕ್ಕದಲ್ಲಿ ಆನೆ ನಿಂತಾಗ ನೋಡುವವರಿಗೆ ಭಯಕ್ಕಿಂತ ಧೈರ್ಯವೇ ಹೆಚ್ಚು. ಕಾಡಿಗೆ ಅವನು ಹೊರಗಿನವನಲ್ಲ ಎಂಬುದೇ ಕಾರಣ. ಅಪಾಯದ ನಡುವೆ ನಂಬಬಹುದಾದ ಒಂದು ಜೀವ ಇರಬೇಕೆಂಬ ಸೂತ್ರವನ್ನು ಈ ಬಗೆಯ ಚಿತ್ರಗಳು ಇಂದಿಗೂ ಬಿಟ್ಟಿಲ್ಲ.

ಸ್ವಾತಂತ್ರ್ಯಾನಂತರ ಸರ್ಕಾರ ಮಕ್ಕಳಿಗೆಂದೇ ಚಿತ್ರ ತಯಾರಿಸಲು ಮುಂದಾಯಿತು. 1955ರಲ್ಲಿ ಮಕ್ಕಳ ಚಲನಚಿತ್ರ ಸಂಸ್ಥೆ ಸ್ಥಾಪನೆಯಾಯಿತು. ಅದರ ಮೊದಲ ಚಿತ್ರ, ಕೇದಾರ್ ಶರ್ಮಾ ಅವರ 'ಜಲ್‌ದೀಪ್' ಕೂಡ ಸಾಹಸ ಕಥೆಯೇ. ಈ ಸಂಸ್ಥೆಯನ್ನು 2022ರಲ್ಲಿ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದಲ್ಲಿ ವಿಲೀನಗೊಳಿಸಲಾಯಿತು. ಇತ್ತ ಹಳ್ಳಿಗಾಡಿನ ಪ್ರೇಕ್ಷಕರಿಗೆ ಸಿಕ್ಕಿದ್ದು ಟೂರಿಂಗ್ ಟಾಕೀಸು. ಸಂಜೆ ಧ್ವನಿವರ್ಧಕದಲ್ಲಿ ಹಾಡು ಕೇಳಿದರೆ ಆಟ ಶುರುವಾಗುವ ಹೊತ್ತಾಯಿತೆಂದು ಲೆಕ್ಕ. ಎತ್ತಿನ ಗಾಡಿ ಕಟ್ಟಿಕೊಂಡು, ಬುತ್ತಿ ಹಿಡಿದು ಮನೆಮಂದಿಯೆಲ್ಲ ಹೊರಡುತ್ತಿದ್ದರು. ಅಲ್ಲಿ ನೆಲದ ಮೇಲೆ ಕೂತ ಮಕ್ಕಳಿಗೆಂದು ಪ್ರತ್ಯೇಕ ಚಿತ್ರವಿರಲಿಲ್ಲ. ದೊಡ್ಡವರ ಚಿತ್ರವೇ ಅವರಿಗೂ ಸಲ್ಲಬೇಕಿತ್ತು.

ಹಾಗೆ ಸಂದ ಚಿತ್ರಗಳಲ್ಲಿ 'ನಾಗರಹಾವು' (1972) ಈ ಸೀಮೆಗೆ ತೀರ ಹತ್ತಿರದ್ದು. ಕಾದಂಬರಿಕಾರ ತ.ರಾ.ಸು. ಅವರ ಮನೆತನದ ಊರು ಚಳ್ಳಕೆರೆ ತಾಲ್ಲೂಕಿನ ತಳಕು. ಪುಟ್ಟಣ್ಣ ಕಣಗಾಲ್ ಚಿತ್ರೀಕರಣ ನಡೆಸಿದ ಚಿತ್ರದುರ್ಗದ ಕೋಟೆಯೂ ಇಲ್ಲಿಂದ ದೂರವಿಲ್ಲ. ರಾಮಾಚಾರಿಯ ಪ್ರೇಮ, ಸಿಟ್ಟು, ದುರಂತ ಮಕ್ಕಳಿಗೆ ಪೂರ್ತಿ ಅರ್ಥವಾಗುವಂಥದ್ದಲ್ಲ. ಆದರೆ ಅದರ ನಡುವೆ ಬರುವ ಒನಕೆ ಓಬವ್ವನ ಪ್ರಸಂಗ ಯಾವ ವಯಸ್ಸಿನವರನ್ನೂ ಬಿಡುವುದಿಲ್ಲ. ಕೋಟೆಯ ಕಾವಲುಗಾರ ಊಟಕ್ಕೆ ಬಂದಿದ್ದಾನೆ. ನೀರಿಗೆಂದು ಹೋದ ಹೆಂಡತಿಗೆ ಕಿಂಡಿಯಲ್ಲಿ ನುಸುಳುತ್ತಿರುವ ಹೈದರಾಲಿಯ ಸೈನಿಕರು ಕಾಣುತ್ತಾರೆ. ಉಣ್ಣುವವನನ್ನು ಎಬ್ಬಿಸದೆ ಅವಳು ಒನಕೆ ಎತ್ತಿಕೊಳ್ಳುತ್ತಾಳೆ. ಜಯಂತಿ ಅಭಿನಯಿಸಿದ ಈ ಪ್ರಸಂಗ ಕೆಲವೇ ನಿಮಿಷಗಳದ್ದು. ಒಂದಾದ ಮೇಲೊಂದು ಹೆಣ ಬೀಳುವ ಈ ದೃಶ್ಯವನ್ನು ಮಕ್ಕಳಿಗೆ ತೋರಿಸಬಾರದೆಂದು ಯಾರಿಗೂ ಅನ್ನಿಸಿದಂತಿಲ್ಲ. ಆಯುಧ ಅಡುಗೆಮನೆಯದು, ಕಾರಣ ಊರಿನ ರಕ್ಷಣೆ, ಮುಂದಿನದೆಲ್ಲ ಅಜ್ಜಿ ಹೇಳಿದ ಕಥೆಯೇ. ನೋಡುವ ಮೊದಲೇ ಮಗುವಿಗೆ ಅದರ ಅರ್ಥ ಗೊತ್ತಿತ್ತು.

ಮರುವರ್ಷ ಬಂದ 'ಗಂಧದ ಗುಡಿ' ಸಾಹಸವನ್ನು ಕಾಡಿಗೆ ಒಯ್ದಿತು. ಕುಸ್ತಿಪಟುವಾಗಿದ್ದು ನಟರಾದ ಎಂ.ಪಿ. ಶಂಕರ್ ಇದರ ನಿರ್ಮಾಪಕರು, ವಿಜಯ್ ನಿರ್ದೇಶಕರು. ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದದ್ದು 1972ರಲ್ಲಿ. ಹುಲಿ ಯೋಜನೆ ಆರಂಭವಾಗಿ, ಮೊದಲ ಒಂಬತ್ತು ರಕ್ಷಿತ ಪ್ರದೇಶಗಳಲ್ಲಿ ಬಂಡೀಪುರ ಒಂದಾದದ್ದು 1973ರಲ್ಲಿ. ಕಾಡನ್ನು ಬೇಟೆಯ ಮೈದಾನವೆಂದು ನೋಡುವ ಕಾಲ ಕಾನೂನಿನ ಪ್ರಕಾರ ಮುಗಿಯುತ್ತಿದ್ದ ಆ ಹೊತ್ತಿಗೆ, ರಾಜ್‌ಕುಮಾರ್ ಮರಗಳ್ಳರನ್ನು ಎದುರಿಸುವ ಅರಣ್ಯಾಧಿಕಾರಿಯಾಗಿ ತೆರೆಯ ಮೇಲೆ ಬಂದರು. ಕಾಡಿನ ಹೋರಾಟ ಕೊನೆಗೆ ತಲುಪುವುದು ಒಂದು ಮನೆಯನ್ನು: ಎದುರಾಳಿಯಾಗಿ ನಿಂತ ಆನಂದ ಒಡಹುಟ್ಟಿದವನೆಂದು ತಿಳಿಯುತ್ತದೆ. ಆನೆ, ಹುಲಿ ನೋಡಲು ಬಂದ ಮಕ್ಕಳಿಗೂ, ತಾಯಿಯ ದುಃಖಕ್ಕೆ ಕಣ್ಣೊರೆಸಿಕೊಂಡ ಹೆಂಗಸರಿಗೂ ಒಂದೇ ಟಿಕೆಟ್ಟಿನಲ್ಲಿ ಪಾಲು ಸಿಕ್ಕಿತು. ಇದೇ ವಿಜಯ್ ಮುಂದೆ ದೇವುಡು ಅವರ ಕಾದಂಬರಿಯಿಂದ 'ಮಯೂರ' (1975), ಭಾರತೀಸುತರ ಕಾದಂಬರಿಯಿಂದ 'ಹುಲಿಯ ಹಾಲಿನ ಮೇವು' (1979) ಚಿತ್ರಗಳನ್ನು ನಿರ್ದೇಶಿಸಿದರು. ಒಂದು ಬನವಾಸಿಯ ಕದಂಬರ ಕಾಲಕ್ಕೂ ಇನ್ನೊಂದು ಕೊಡಗಿಗೂ ಪ್ರೇಕ್ಷಕರನ್ನು ಕರೆದೊಯ್ದವು.

ಮಕ್ಕಳೇ ಸಾಹಸಿಗಳಾದದ್ದು ಅದರ ನಂತರ. ಗೀತಪ್ರಿಯ ಅವರ 'ಪುಟಾಣಿ ಏಜೆಂಟ್ 123' (1979) ಮತ್ತು 'ಪ್ರಚಂಡ ಪುಟಾಣಿಗಳು' (1981), ರಾಜೇಂದ್ರಸಿಂಗ್ ಬಾಬು ಅವರ 'ಸಿಂಹದ ಮರಿ ಸೈನ್ಯ' (1981) ಈ ಸಾಲಿನವು. ಅರ್ಜುನ್ ಸರ್ಜಾ ತೆರೆಗೆ ಬಂದದ್ದು ಈ ಕೊನೆಯ ಚಿತ್ರದಿಂದ. ದೊಡ್ಡವರಿಗೆ ಹೊಳೆಯದ್ದು ಮಕ್ಕಳಿಗೆ ಹೊಳೆಯುವುದೇ ಇಂಥ ಕಥೆಗಳ ಸೊಗಸು.

ಯಾವ ಚಿತ್ರ ಯಾರಿಗೆ ಎಂಬುದನ್ನು ಹೇಳಲು ಸೆನ್ಸಾರ್ ಮಂಡಳಿಯ ಅಕ್ಷರಗಳಿವೆ. ಎಲ್ಲರಿಗೂ ಸಲ್ಲುವ 'ಯು', ವಯಸ್ಕರಿಗೆ ಮಾತ್ರವಾದ 'ಎ' ಮೊದಲಿನಿಂದ ಇದ್ದವು. ಹಿರಿಯರ ಮಾರ್ಗದರ್ಶನ ಬೇಕೆನ್ನುವ 'ಯುಎ' ಸೇರಿದ್ದು 1983ರಲ್ಲಿ. 2023ರ ತಿದ್ದುಪಡಿ ಅದನ್ನು 7, 13 ಮತ್ತು 16 ವರ್ಷಗಳ ಮೂರು ಹಂತವಾಗಿ ಒಡೆಯಿತು. ಹಿಂಸೆ ಹೆಚ್ಚಿದ ಕಾಲದಲ್ಲಿ ಇದು ಬೇಕಾದ ಎಚ್ಚರಿಕೆಯೇ. ಆದರೆ ಅಕ್ಷರ ಹೇಳುವುದು ವಯಸ್ಸನ್ನು ಮಾತ್ರ. ಪಕ್ಕದಲ್ಲಿ ಕೂತು ಅರ್ಥ ಹೇಳುವವರು ಇದ್ದಾರೆಯೇ ಎಂಬುದನ್ನು ಯಾವ ಮಂಡಳಿಯೂ ತಿಳಿಯಲಾರದು.

ಈಗ ಬದಲಾಗಿರುವುದು ಇದೇ. ಟೆಂಟುಗಳು ಹೋದವು, ಸಣ್ಣ ಊರುಗಳ ಎಷ್ಟೋ ಚಿತ್ರಮಂದಿರಗಳು ಕಲ್ಯಾಣಮಂಟಪ, ಗೋದಾಮುಗಳಾದವು. ಭಾನುವಾರ ಸಂಜೆ ದೂರದರ್ಶನದ ಮುಂದೆ ಬೀದಿಯೇ ಸೇರುತ್ತಿದ್ದ ಕಾಲವೂ ಕಳೆಯಿತು. ಜಗತ್ತಿನ ಎಲ್ಲ ಸಾಹಸಗಳೂ ಮೊಬೈಲಿನಲ್ಲಿವೆ, ಹಳ್ಳಿಯ ಹುಡುಗನಿಗೂ ಸಿಗುತ್ತವೆ. ಅವನಿಗಿದು ದೊಡ್ಡ ಲಾಭ. ಆದರೆ ಅಂಗೈಯಷ್ಟು ಪರದೆಯ ಮುಂದೆ ಜಾಗವಿರುವುದು ಒಬ್ಬನಿಗೆ. ಹೆದರಿದರೆ ಒಬ್ಬನೇ ಹೆದರಬೇಕು.

ಅವಕಾಶ ಸಿಕ್ಕಾಗ ಜನ ಒಟ್ಟಿಗೆ ಬರುತ್ತಾರೆಂಬುದೂ ನಿಜ. ಶಾಲೆ ಉಳಿಸಿಕೊಳ್ಳಲು ಹೊರಡುವ ಗಡಿನಾಡ ಮಕ್ಕಳ ಕಥೆ 'ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಕಾಸರಗೋಡು' (2018), ಕಾಯಿಲೆ ಬಿದ್ದ ನಾಯಿಗೆ ಹಿಮ ತೋರಿಸಲು ದೇಶ ದಾಟುವ '777 ಚಾರ್ಲಿ' (2022) ಇದಕ್ಕೆ ಸಾಕ್ಷಿ. ಅದೇ 2022ರಲ್ಲಿ, ಪುನೀತ್ ರಾಜ್‌ಕುಮಾರ್ ತೀರಿಕೊಂಡ ಒಂದು ವರ್ಷಕ್ಕೆ, ಅವರು ಕರ್ನಾಟಕದ ಕಾಡು ಸುತ್ತಿದ ಸಾಕ್ಷ್ಯಚಿತ್ರ ತೆರೆಗೆ ಬಂತು. ಅದರ ಹೆಸರೂ 'ಗಂಧದ ಗುಡಿ'ಯೇ. ತಂದೆಯ ಚಿತ್ರವನ್ನು ನೆಲದ ಮೇಲೆ ಕೂತು ನೋಡಿದ್ದವರು ಈಗ ಮೊಮ್ಮಕ್ಕಳ ಕೈಹಿಡಿದು ಮಗನ ಚಿತ್ರಕ್ಕೆ ಹೋಗಬಹುದಾಗಿತ್ತು.

ಅಪಾಯವಿಲ್ಲದ ಸಾಹಸವಿಲ್ಲ. ಅದನ್ನು ಮಕ್ಕಳಿಂದ ಮುಚ್ಚಿಡುವ ಅಗತ್ಯವೂ ಇಲ್ಲ. ಓಬವ್ವ ಒನಕೆ ಎತ್ತಿದಾಗ ಹಿಡಿದುಕೊಳ್ಳಲು ಪಕ್ಕದಲ್ಲೊಂದು ಸೆರಗು ಇದ್ದರೆ ಸಾಕು.