ಗರ್ಭಕಂಠದ ಕ್ಯಾನ್ಸರ್ ತಪಾಸಣೆ

ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಎಂದರೆ, ಯಾವ ರೋಗಲಕ್ಷಣವೂ ಇಲ್ಲದ ಸ್ತ್ರೀಯರಲ್ಲಿ ಗರ್ಭಕಂಠದ ಜೀವಕೋಶಗಳು ಕ್ಯಾನ್ಸರಿನತ್ತ ತಿರುಗುತ್ತಿವೆಯೇ ಎಂಬುದನ್ನು ಮುಂಚಿತವಾಗಿ ಪತ್ತೆಹಚ್ಚುವ ಪರೀಕ್ಷೆಗಳ ಸಮೂಹ. ಗರ್ಭಕೋಶದ ಕೆಳತುದಿಯಲ್ಲಿ ಯೋನಿಗೆ ತೆರೆದುಕೊಳ್ಳುವ ಕಿರಿದಾದ ಭಾಗವೇ ಗರ್ಭಕಂಠ. ಆಡುಮಾತಿನಲ್ಲಿ ಇದನ್ನು ಗರ್ಭಚೀಲದ ಬಾಯಿ ಎನ್ನುತ್ತಾರೆ. ಅಂತರರಾಷ್ಟ್ರೀಯ ಅಂದಾಜಿನ ಪ್ರಕಾರ 2022ರಲ್ಲಿ ಭಾರತದಲ್ಲಿ ಸುಮಾರು 1.27 ಲಕ್ಷ ಸ್ತ್ರೀಯರು ಈ ಕ್ಯಾನ್ಸರಿಗೆ ತುತ್ತಾದರು. ಸುಮಾರು 80 ಸಾವಿರ ಮಂದಿ ಮರಣ ಹೊಂದಿದರು.

ಕಾರಣ

ಈ ರೋಗದ ಮುಖ್ಯ ಕಾರಣ ಹ್ಯೂಮನ್ ಪ್ಯಾಪಿಲೋಮಾ ವೈರಾಣು (ಎಚ್‌ಪಿವಿ). ಈ ಸಂಬಂಧವನ್ನು ತೋರಿಸಿಕೊಟ್ಟ ಜರ್ಮನಿಯ ವಿಜ್ಞಾನಿ ಹರಾಲ್ಡ್ ತ್ಸುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ವೈರಾಣುವಿನ 16 ಮತ್ತು 18ನೆಯ ಬಗೆಗಳೇ ಸುಮಾರು ಶೇಕಡಾ 70ರಷ್ಟು ಪ್ರಕರಣಗಳಿಗೆ ಕಾರಣ. ಲೈಂಗಿಕ ಸಂಪರ್ಕದಿಂದ ಹರಡುವ ಈ ಸೋಂಕು ಅತಿ ಸಾಮಾನ್ಯವಾದುದು. ಬಹುತೇಕರಲ್ಲಿ ಒಂದೆರಡು ವರ್ಷಗಳಲ್ಲಿ ತಾನಾಗಿಯೇ ಮಾಯವಾಗುತ್ತದೆ. ಆದುದರಿಂದ ಸೋಂಕು ಕಂಡುಬಂದ ಮಾತ್ರಕ್ಕೆ ಯಾರ ನಡತೆಯನ್ನೂ ಶಂಕಿಸಲಾಗದು. ಸೋಂಕು ಉಳಿದುಕೊಂಡವರಲ್ಲಿ ಅದು ಕ್ಯಾನ್ಸರ್ ಆಗಿ ಬೆಳೆಯಲು ಸಾಮಾನ್ಯವಾಗಿ 15ರಿಂದ 20 ವರ್ಷಗಳು ಹಿಡಿಯುತ್ತವೆ. ಈ ದೀರ್ಘ ಅವಧಿಯೇ ತಪಾಸಣೆಗೆ ದೊರೆಯುವ ಅವಕಾಶ.

ಪರೀಕ್ಷಾ ವಿಧಾನಗಳು

ಪ್ಯಾಪ್ ಪರೀಕ್ಷೆ: ಗ್ರೀಸ್ ಮೂಲದ ವೈದ್ಯ ಜಾರ್ಜ್ ಪಾಪಾನಿಕೊಲಾವ್ ಅವರ ಹೆಸರಿನಿಂದ ಬಂದುದು. ಅವರು 1928ರಲ್ಲಿ ಮೊದಲ ವರದಿ ಮಂಡಿಸಿದರೂ, 1940ರ ದಶಕದ ಬರಹಗಳ ನಂತರವೇ ಅದಕ್ಕೆ ಮನ್ನಣೆ ದೊರೆಯಿತು. ಗರ್ಭಕಂಠದಿಂದ ಮೃದುವಾಗಿ ಕೆರೆದು ತೆಗೆದ ಜೀವಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ಪರಿಶೀಲಿಸಲಾಗುತ್ತದೆ. ಇದಕ್ಕೆ ಪ್ರಯೋಗಾಲಯವೂ ನುರಿತ ತಜ್ಞರೂ ಬೇಕು.

ಆಮ್ಲಲೇಪನ ಪರೀಕ್ಷೆ: ವಿನೆಗರಿನಷ್ಟೇ ಸೌಮ್ಯವಾದ, ಶೇಕಡಾ 3ರಿಂದ 5ರ ಅಸಿಟಿಕ್ ಆಮ್ಲವನ್ನು ಗರ್ಭಕಂಠಕ್ಕೆ ಲೇಪಿಸಿ, ಒಂದು ನಿಮಿಷದ ಬಳಿಕ ಬರಿಗಣ್ಣಿನಿಂದ ನೋಡಲಾಗುತ್ತದೆ. ವಿಕೃತ ಜೀವಕೋಶಗಳಿರುವ ಭಾಗ ಬೆಳ್ಳಗಾಗುತ್ತದೆ. ಫಲಿತಾಂಶ ಅಲ್ಲಿಯೇ ತಿಳಿಯುವುದರಿಂದ, ತರಬೇತಿ ಪಡೆದ ದಾದಿಯರೂ ಇದನ್ನು ಹಳ್ಳಿಗಳಲ್ಲಿ ನಡೆಸಬಹುದು. ಮುಟ್ಟು ನಿಂತವರಲ್ಲಿ ಇದು ಅಷ್ಟಾಗಿ ಉಪಯುಕ್ತವಲ್ಲ.

ಎಚ್‌ಪಿವಿ ಪರೀಕ್ಷೆ: ವೈರಾಣುವಿನ ಡಿಎನ್ಎಯನ್ನೇ ಪತ್ತೆಹಚ್ಚುವ ವಿಧಾನ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಇದಕ್ಕೆ ಆದ್ಯತೆ ನೀಡಿದೆ. ಮಾದರಿಯನ್ನು ಸ್ತ್ರೀಯು ತಾನೇ ತೆಗೆದುಕೊಡಬಹುದಾದ್ದರಿಂದ, ಸಂಕೋಚದಿಂದ ಹಿಂಜರಿಯುವವರಿಗೆ ಇದು ಅನುಕೂಲ.

ಪ್ಯಾಪ್ ಪರೀಕ್ಷೆಗೆ ಮುಟ್ಟಿನ ದಿನಗಳನ್ನು ಬಿಟ್ಟು ಹೋಗಬೇಕು. ಯಾವುದೇ ಪರೀಕ್ಷೆಯಲ್ಲಿ ದೋಷ ಕಂಡರೆ ಅದು ಕ್ಯಾನ್ಸರ್ ಎಂದು ಅರ್ಥವಲ್ಲ. ಮುಂದೆ ಕಾಲ್ಪೋಸ್ಕೋಪಿ ಎಂಬ ಭೂತಗನ್ನಡಿ ಪರೀಕ್ಷೆಯನ್ನೂ ಅಗತ್ಯವಿದ್ದರೆ ಬಯಾಪ್ಸಿಯನ್ನೂ ಮಾಡಲಾಗುತ್ತದೆ. ಕ್ಯಾನ್ಸರ್‌ಪೂರ್ವ ಭಾಗವನ್ನು ಶೈತ್ಯ ಅಥವಾ ಶಾಖದಿಂದ ನಾಶಪಡಿಸಬಹುದು, ಗರ್ಭಕೋಶ ಉಳಿಯುತ್ತದೆ.

ಗರ್ಭಕೋಶದ ಒಳಪದರ

ಗರ್ಭಕೋಶದ ಒಳಪದರದ ಕ್ಯಾನ್ಸರ್ ಬೇರೆಯೇ ರೋಗ. ಪ್ಯಾಪ್ ಪರೀಕ್ಷೆ ಸರಿಯಾಗಿದ್ದ ಮಾತ್ರಕ್ಕೆ ಇಡೀ ಗರ್ಭಕೋಶ ಆರೋಗ್ಯವಾಗಿದೆಯೆಂದು ತಿಳಿಯಬಾರದು. ಈ ರೋಗಕ್ಕೆ ಎಲ್ಲರಿಗೂ ಅನ್ವಯಿಸುವ ಸಾಮೂಹಿಕ ತಪಾಸಣೆಯಿಲ್ಲ. ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಾಣಿಸಿದರೆ, ಅದು ಒಂದು ಹನಿಯೇ ಆದರೂ, ವೈದ್ಯರಲ್ಲಿಗೆ ಹೋಗಬೇಕು. ಸ್ಕ್ಯಾನಿಂಗ್ ಹಾಗೂ ಒಳಪದರದ ಬಯಾಪ್ಸಿಯಿಂದ ಕಾರಣ ತಿಳಿಯುತ್ತದೆ. ಸಂಭೋಗಾನಂತರದ ರಕ್ತಸ್ರಾವ, ದುರ್ವಾಸನೆಯುಳ್ಳ ಬಿಳಿಸೆರಗು ಇದ್ದಾಗಲೂ ತಪಾಸಣೆಯ ಸರದಿಗಾಗಿ ಕಾಯಬಾರದು.

ಭಾರತದಲ್ಲಿನ ಅನುಭವ

ತಮಿಳುನಾಡಿನ ದಿಂಡಿಗಲ್ ಜಿಲ್ಲೆಯ ಅಧ್ಯಯನವು (2007) ಒಂದೇ ಸುತ್ತಿನ ಆಮ್ಲಲೇಪನ ಪರೀಕ್ಷೆಯಿಂದ ಈ ರೋಗದ ಮರಣಗಳು ಶೇಕಡಾ 35ರಷ್ಟು ಕಡಿಮೆಯಾದುದನ್ನು ತೋರಿಸಿತು. ಮಹಾರಾಷ್ಟ್ರದ ಉಸ್ಮಾನಾಬಾದ್ ಅಧ್ಯಯನದಲ್ಲಿ (2009) ಒಮ್ಮೆ ಮಾತ್ರ ಮಾಡಿದ ಎಚ್‌ಪಿವಿ ಪರೀಕ್ಷೆ ಮರಣಗಳನ್ನು ಸುಮಾರು ಅರ್ಧಕ್ಕೆ ಇಳಿಸಿತು. ಕೇಂದ್ರ ಸರ್ಕಾರದ 2016ರ ಮಾರ್ಗಸೂಚಿಯು 30ರಿಂದ 65 ವಯಸ್ಸಿನ ಸ್ತ್ರೀಯರಿಗೆ ಐದು ವರ್ಷಕ್ಕೊಮ್ಮೆ ಆಮ್ಲಲೇಪನ ಪರೀಕ್ಷೆಯನ್ನು ಸೂಚಿಸುತ್ತದೆ. ಆದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, 30ರಿಂದ 49 ವಯಸ್ಸಿನವರಲ್ಲಿ ಒಮ್ಮೆಯಾದರೂ ತಪಾಸಣೆಗೆ ಒಳಗಾದವರು ಶೇಕಡಾ 2ಕ್ಕಿಂತ ಕಡಿಮೆ.

ಕರ್ನಾಟಕದಲ್ಲಿ

ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ (1973) ರಾಜ್ಯದ ಪ್ರಮುಖ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆ. ಚಾಮರಾಜನಗರ ಜಿಲ್ಲೆಯಲ್ಲಿ, ಸತ್ತೇಗಾಲದಂತಹ ಕಾವೇರಿ ತೀರದ ಗ್ರಾಮಗಳಿಗೆ ಕೊಳ್ಳೇಗಾಲದ ಉಪವಿಭಾಗ ಆಸ್ಪತ್ರೆ ಹತ್ತಿರ. ಅದರಾಚೆ ಜಿಲ್ಲಾಕೇಂದ್ರದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯೂ ಮೈಸೂರಿನ ಚೆಲುವಾಂಬ ಆಸ್ಪತ್ರೆಯೂ ಇವೆ. ಯಳಂದೂರಿನ ಬಿಳಿಗಿರಿರಂಗನ ಬೆಟ್ಟ, ಹನೂರಿನ ಕಾಡಂಚಿನ ಪೋಡುಗಳಿಂದ ಬರುವ ಸೋಲಿಗ ಸ್ತ್ರೀಯರಿಗೆ ದೂರವೇ ಮೊದಲ ತೊಡಕು. ಕೂಲಿ ತಪ್ಪುವ ಚಿಂತೆ, ನಾಚಿಕೆ ಮತ್ತು ಆರೋಗ್ಯವಾಗಿರುವಾಗ ಪರೀಕ್ಷೆಯೇಕೆ ಎಂಬ ಭಾವನೆ ಉಳಿದ ತೊಡಕುಗಳು. ಮೂವತ್ತು ದಾಟಿದವರ ಪಟ್ಟಿಮಾಡಿ ಪರೀಕ್ಷೆಗೆ ಕಳುಹಿಸುವ ಹೊಣೆ ಆಶಾ ಕಾರ್ಯಕರ್ತೆಯರ ಮೇಲಿದೆ.

ತಪಾಸಣೆಯ ಹೆಸರಿನಲ್ಲಿ ಭಯಪಡಿಸುವುದೂ ಒಂದು ಅಪಾಯ. ಕಲಬುರಗಿ ಜಿಲ್ಲೆಯಲ್ಲಿ ಬಡ ಸ್ತ್ರೀಯರ ಗರ್ಭಕೋಶಗಳನ್ನು ಅನಗತ್ಯವಾಗಿ ತೆಗೆಯಲಾಗಿದೆಯೆಂಬ ದೂರುಗಳು 2015ರ ಸುಮಾರಿಗೆ ತನಿಖೆಗೆ ಒಳಪಟ್ಟವು. ಇಂತಹ ಶಸ್ತ್ರಚಿಕಿತ್ಸೆಗಳನ್ನು ತಡೆಯುವ ಮಾರ್ಗಸೂಚಿಯನ್ನು ಅಳವಡಿಸಿಕೊಳ್ಳುವಂತೆ ಸರ್ವೋಚ್ಚ ನ್ಯಾಯಾಲಯ 2023ರಲ್ಲಿ ರಾಜ್ಯಗಳಿಗೆ ಆದೇಶಿಸಿತು. ಬಿಳಿಸೆರಗಿಗೆ, ಅಥವಾ ಒಂದು ಪರೀಕ್ಷೆಯ ಫಲಿತಾಂಶಕ್ಕೆ, ಗರ್ಭಕೋಶ ತೆಗೆಯಬೇಕೆಂದು ಹೇಳಿದರೆ ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯುವುದು ವಿಹಿತ.

ಲಸಿಕೆ ಮತ್ತು ತಪಾಸಣೆ

ಸ್ವದೇಶಿ ಎಚ್‌ಪಿವಿ ಲಸಿಕೆಗೆ 2022ರಲ್ಲಿ ಅನುಮತಿ ದೊರೆಯಿತು. ಲಸಿಕೆ ಎಲ್ಲ ಬಗೆಯ ವೈರಾಣುಗಳನ್ನೂ ತಡೆಯದು. ಮೊದಲೇ ಇರುವ ಸೋಂಕನ್ನು ಗುಣಪಡಿಸದು. ಆದುದರಿಂದ ಲಸಿಕೆ ಪಡೆದವರಿಗೂ ಮುಂದೆ ತಪಾಸಣೆ ಬೇಕು. ವಿಶ್ವ ಆರೋಗ್ಯ ಸಂಸ್ಥೆಯ 2030ರ ಗುರಿಯಂತೆ ಶೇಕಡಾ 90ರಷ್ಟು ಹುಡುಗಿಯರಿಗೆ 15ನೆಯ ವಯಸ್ಸಿನೊಳಗೆ ಲಸಿಕೆ, ಶೇಕಡಾ 70ರಷ್ಟು ಸ್ತ್ರೀಯರಿಗೆ 35 ಮತ್ತು 45ನೆಯ ವಯಸ್ಸಿನೊಳಗೆ ತಪಾಸಣೆ, ರೋಗ ಕಂಡವರಲ್ಲಿ ಶೇಕಡಾ 90ರಷ್ಟು ಮಂದಿಗೆ ಚಿಕಿತ್ಸೆ ದೊರೆಯಬೇಕು.